ಜಂತುಹುಳುವಿನ ಜಾತಕ

ಹುಬ್ಬಳ್ಳಿಯಲ್ಲಿ ಅಂಗಡಿಗಳ ಲೆಕ್ಕದ ಸಾಫ್ಟ್‌ವೇರ್ ರಿಪೇರಿ ಮಾಡಿಕೊಂಡಿರುವ ನನಗೂ ಜಂತುಹುಳುವಿಗೂ ಎತ್ತಣಿಂದೆತ್ತ ಸಂಬಂಧ? ಲ್ಯಾಬಿನ ಗೆಳೆಯನೊಬ್ಬ ಚಹಾ ಕುಡಿಯುತ್ತ ಬಾಯಿಬಿಟ್ಟದ್ದೇ ಕಾರಣ. ಹೆಣ್ಣು ದುಂಡುಹುಳು ದಿನಕ್ಕೆ 2 ಲಕ್ಷದಷ್ಟು ಮೊಟ್ಟೆ ಇಡುತ್ತದಂತೆ. ಆದರೂ ಹೊಟ್ಟೆಯಲ್ಲಿರುವುದು ಒಂದೋ ಎರಡೋ ಹುಳುವಾದರೆ, ಮೈಕ್ರೋಸ್ಕೋಪಿನಡಿ ಇಟ್ಟ ಚೂರು ಮಲದಲ್ಲಿ ಮೊಟ್ಟೆ ತಪ್ಪಿಸಿಕೊಳ್ಳಬಹುದು. ಅದಕ್ಕೇ ಹುಳುವಿನ ಡಿಎನ್‌ಎ ಹುಡುಕುವ ಪಿಸಿಆರ್ ಪರೀಕ್ಷೆ; ಯಾವ ತುಣುಕು ಹುಡುಕಬೇಕೆಂದು ಆರಿಸಿಕೊಡುವುದು ಕಂಪ್ಯೂಟರ್.

ಕಂಪ್ಯೂಟರ್ ಅಂದಮೇಲೆ ನಾನಿಲ್ಲವೇ?

ಹಂದಿಯ ದುಂಡುಹುಳು ನಮ್ಮ ಹುಳುವಿನ ತೀರಾ ಹತ್ತಿರದ ದಾಯಾದಿ. ಅದರ ಜೀನೋಮ್ 2011ರಲ್ಲೇ ಪ್ರಕಟವಾಗಿದೆ, ಸುಮಾರು 27 ಕೋಟಿ ಅಕ್ಷರ. ಅದರಲ್ಲಿ ಮತ್ತೆಮತ್ತೆ ಬರುವ ತುಣುಕನ್ನು ಹಿಡಿಯಬೇಕು. ಪ್ರತಿಗಳು ಹೆಚ್ಚಿದ್ದಷ್ಟೂ ಅತಿ ಕಡಿಮೆ ಡಿಎನ್‌ಎ ಇದ್ದರೂ ಸಿಕ್ಕಿಬೀಳುತ್ತದೆ. ಆ ತುಣುಕು ಮನುಷ್ಯನಲ್ಲಾಗಲಿ ಕರುಳಿನ ಬ್ಯಾಕ್ಟೀರಿಯಾದಲ್ಲಾಗಲಿ ಇರಕೂಡದು. ಇಷ್ಟನ್ನೂ ಸೋಸಿ, ಆ ತುಣುಕಿನ ಎರಡು ತುದಿಗೆ ಅಂಟಿ ನಕಲು ಶುರುಮಾಡಿಸುವ, ಇಪ್ಪತ್ತಿಪ್ಪತ್ತು ಅಕ್ಷರದ ಎರಡು ಪ್ರೈಮರ್ ಜೋಡಿಸಿದೆ. ಅವೆರಡರ ಬಾಲ ಒಂದಕ್ಕೊಂದು ಅಂಟುತ್ತದೆಂದು ಪ್ರೋಗ್ರಾಂ ಕೆಂಪಕ್ಷರದಲ್ಲಿ ಗೊಣಗಿತು. ವಾರ್ನಿಂಗ್ ಓದುವ ಚಟ ನಮ್ಮ ವೃತ್ತಿಯಲ್ಲಿಲ್ಲ.

ಗೆಳೆಯ ಪ್ರೈಮರ್ ತರಿಸಿದ. ಸ್ಯಾಂಪಲ್? ಡಬ್ಬಿ ಹಿಡಿದು ನಾನೇ ಹೋದೆ. ಸಂಜೆ ಮೊಬೈಲಿಗೆ ಎರಡು ಗ್ರಾಫ್ ಬಂದವು. ಮೊದಲನೆಯದು ನನ್ನದು, ಡಿಎನ್‌ಎ ಸಿಕ್ಕರೆ ಏರುವ ಗೆರೆ ಆಕಾಶಕ್ಕೇರಿತ್ತು. ಎರಡನೆಯದನ್ನು ತೆರೆಯುವಷ್ಟು ತಾಳ್ಮೆ ಯಾರಿಗಿತ್ತು? ಅಂದು ರಾತ್ರಿ ಮನೆಮಂದಿಗೆಲ್ಲ ಅಲ್ಬೆಂಡಝೋಲ್ 400 ಮಿಲಿಗ್ರಾಂ. ಶಾಲೆಯಲ್ಲಿ ಮೊನ್ನೆಯಷ್ಟೇ ಚೀಪಿದ್ದೇವೆಂದು ಮಕ್ಕಳು ಅತ್ತರು. ಅತ್ತೆಯವರು ಮಾತ್ರ ಅಳಿಯನ ಸಂಶೋಧನೆಗೆ ಗೌರವ ಕೊಟ್ಟು, ಮುಖ ಸಿಂಡರಿಸಿ ನುಂಗಿದರು.

ಈ ವಿಜಯೋತ್ಸವಕ್ಕೆ ಮೊಮೊ ತಿನ್ನಲೆಂದು ಭಾನುವಾರ ತಡಸ ದಾಟಿ ಮುಂಡಗೋಡಿನ ಟಿಬೆಟನ್ ಕಾಲೊನಿಗೆ ಸಂಸಾರ ಸಮೇತ ಹೋದೆವು. 1966ರಲ್ಲಿ ನೆಲೆಯಾದ ಊರು. ಡ್ರೆಪುಂಗ್, ಗಾಂಡೆನ್ ಮಠಗಳ ಅಂಗಳದಲ್ಲಿ ಭಿಕ್ಷುಗಳ ತರ್ಕ ನೋಡುವುದೇ ಒಂದು ಚಂದ. ಉತ್ತರಿಸುವವನು ನೆಲದ ಮೇಲೆ ಕೂತಿರುತ್ತಾನೆ, ಪ್ರಶ್ನಿಸುವವನು ನಿಂತು, ಕಾಲು ಅಪ್ಪಳಿಸಿ, ಚಟ್ಟನೆ ಚಪ್ಪಾಳೆ ಹೊಡೆದು ಪ್ರಶ್ನೆ ಎಸೆಯುತ್ತಾನೆ. ಪರಿಚಯದ ಯುವ ಭಿಕ್ಷುವೊಬ್ಬ ಸಿಕ್ಕ. ಪಾಪ, ಇವನಿಗೂ ಡಿಎನ್‌ಎ ಅಂದರೇನೆಂದು ತಿಳಿಯಲಿ ಎಂದು ಕಟ್ಟೆಯ ಮೇಲೆ ಕೂತು ನನ್ನ ಗ್ರಾಫಿನ ಕಥೆ ಶುರುಹಚ್ಚಿಕೊಂಡೆ. ಅಮೆರಿಕದ ಎಮೊರಿ ವಿಶ್ವವಿದ್ಯಾಲಯದವರು ಈ ಮಠಗಳಲ್ಲಿ ಜೀವಶಾಸ್ತ್ರ ಕಲಿಸುವ ಏರ್ಪಾಡು ಮಾಡಿರುವುದು ನೆನಪಾದದ್ದು ಅವನು ಎದ್ದು ನಿಂತ ಮೇಲೆ.

"ಹುಳು ಇದ್ದರೆ ಗೆರೆ ಏರುತ್ತದೆ. ಒಪ್ಪಿದೆ. ಗೆರೆ ಏರಿದರೆ ಹುಳು ಇದ್ದೇ ಇದೆಯಾ?"

"ಇದ್ದೇ ಇದೆ!" ಎಂದೆ.

ಚಟ್! ಮೂಗಿನಿಂದ ಗೇಣುದೂರದಲ್ಲಿ ಚಪ್ಪಾಳೆ. "ಬರೀ ನೀರು ಹಾಕಿದ ಟ್ಯೂಬಿನಲ್ಲಿ ಏನಾಯಿತು?"

ಆಗ ಮೊಬೈಲ್ ತೆಗೆದು ಎರಡನೇ ಗ್ರಾಫ್ ತೆರೆದೆ. ಅದೇ ನೀರಿನ ಟ್ಯೂಬು. ಅಲ್ಲೂ ಗೆರೆ ಆಕಾಶಕ್ಕೇರಿತ್ತು. ನನ್ನ ಎರಡೂ ಪ್ರೈಮರ್‌ಗಳು ಹುಳುವಿನ ಗೊಡವೆಯೇ ಬೇಡವೆಂದು ಬಾಲಕ್ಕೆ ಬಾಲ ಗಂಟುಹಾಕಿಕೊಂಡು, ಯಂತ್ರದೊಳಗೆ ತಮ್ಮದೇ ಸಂತಾನವನ್ನು ದುಪ್ಪಟ್ಟುಗೊಳಿಸುತ್ತ ಕೂತಿದ್ದವು. ಟ್ಯೂಬಿಗೆ ಹಾಕಿದ ಬಣ್ಣಕ್ಕೆ ಜೋಡಿ ಎಳೆಯ ಡಿಎನ್‌ಎ ಕಂಡರೆ ಸಾಕು, ಹೊಳೆಯುತ್ತದೆ, ಯಾರದೆಂದು ಕೇಳುವುದಿಲ್ಲ.

ಪಕ್ಕದಲ್ಲಿ ಮೊಮೊ ತಟ್ಟೆ ಹಿಡಿದಿದ್ದ ಹೆಂಡತಿ ಎಲ್ಲ ಕೇಳಿಸಿಕೊಂಡಳು. "ಹಂಗಾರ ಆ ನೀರಿಗೂ ಒಂದ್ ಗುಳಿಗಿ ಹಾಕಿಬಿಡ್ರಿ" ಎಂದು, ಕೆಂಪು ಚಟ್ನಿ ಅತ್ತೆಯವರ ಕಡೆ ಸರಿಸಿದಳು.