ಹೆಲ್ಮೆಟ್ ಮೀಮಾಂಸೆ ಅಥವಾ ಶಿರೋಭಾರ ನಿರ್ಣಯ

ಗ್ರಂಥಾರಂಭದಲ್ಲಿ ಅನುಬಂಧ ಚತುಷ್ಟಯ ಹೇಳದೆ ಹೊರಟವನು ಹ್ಯಾಂಡಲ್ ಲಾಕ್ ತೆಗೆಯದೆ ಗಾಡಿ ತಳ್ಳಿದವನ ಹಾಗೆ ಅಲ್ಲೇ ಸುತ್ತುತ್ತಾನೆ. ಆದ್ದರಿಂದ ಅದನ್ನು ಮೊದಲು ಮುಗಿಸೋಣ. ವಿಷಯ: ದ್ವಿಚಕ್ರ ಸವಾರನು ಹೊಸ ಹೆಲ್ಮೆಟ್ ಆರಿಸುವ ವಿಧಿ. ಪ್ರಯೋಜನ: ತಲೆ. ಸಂಬಂಧ: ಗದ್ದದ ಕೆಳಗೆ ಬಿಗಿಯಬೇಕಾದ ಸ್ಟ್ರಾಪು, ನಮ್ಮಲ್ಲಿ ಬಹುಪಾಲು ಸಂಬಂಧಗಳು ಸಡಿಲವಾಗುವುದು ಇಲ್ಲಿಯೇ. ಅಧಿಕಾರಿ, ಅಂದರೆ ಈ ಶಾಸ್ತ್ರಕ್ಕೆ ಅರ್ಹನಾದವನು: 1988ರ ಮೋಟಾರು ವಾಹನ ಕಾಯಿದೆಯ 129ನೇ ಕಲಮಿನಂತೆ ನಾಲ್ಕು ವರ್ಷ ಮೀರಿದ ಪ್ರತಿ ಸವಾರ. ಪೇಟ ಧರಿಸಿದ ಸಿಖ್ಖರಿಗೆ ಕಾಯಿದೆ ವಿನಾಯಿತಿ ಕೊಟ್ಟಿದೆ. ಸನ್ಮಾನದಲ್ಲಿ ತೊಡಿಸಿದ ಮೈಸೂರು ಪೇಟವನ್ನು ಕಳಚಲು ಮನಸ್ಸಾಗದೆ ಹಾಗೆಯೇ ಸ್ಕೂಟರ್ ಏರುವ ಸಾಹಿತಿಗಳ ವಿಷಯದಲ್ಲಿ ಮಾತ್ರ ಅದು ಮೌನ. ಈ ಮೌನ ಸಮ್ಮತಿಯ ಲಕ್ಷಣವಲ್ಲ ಎಂಬುದು ಟ್ರಾಫಿಕ್ ಪೊಲೀಸರ ಭಾಷ್ಯ.

ಹೆಲ್ಮೆಟ್ಟಿನ ಶತ್ರು ಯಾರು ಎಂಬ ಪ್ರಶ್ನೆಗೆ ಸವಾರ ಕೊಡುವ ಉತ್ತರವೇ ಅವನ ಆಯ್ಕೆಯನ್ನು ನಿರ್ಧರಿಸುತ್ತದೆ ಎಂಬುದು ಈ ಗ್ರಂಥದ ಪ್ರಮೇಯ. ಕೆಲವರಿಗೆ ಶತ್ರು ಪೊಲೀಸರು. ಕೆಲವರಿಗೆ ಬೆವರು. ಕೆಲವರಿಗೆ ಆಗಷ್ಟೇ ಬಾಚಿದ ಕ್ರಾಪು ಕೆಡಿಸುವ ಗಾಳಿ. ಡಾಂಬರನ್ನು ಶತ್ರುವೆಂದು ಎಣಿಸುವವರು ಅಲ್ಪಸಂಖ್ಯಾತರು, ಅವರಲ್ಲೂ ಅನೇಕರು ಒಮ್ಮೆ ಬಿದ್ದ ಮೇಲೆ ಮತಾಂತರಗೊಂಡವರು.

ಪೂರ್ವಪಕ್ಷಗಳಲ್ಲಿ ಪ್ರಬಲವಾದದ್ದು ದಂಡಭೀರುಗಳದು. ಇವರ ತರ್ಕಶಕ್ತಿಯನ್ನು ಕಡೆಗಣಿಸುವಂತಿಲ್ಲ. ಪ್ರತಿಜ್ಞೆ: ಈ ತಿರುವಿನಾಚೆ ಪೊಲೀಸರಿದ್ದಾರೆ. ಹೇತು: ಎದುರಿನಿಂದ ಬರುವವನು ಅಂಗೈಯಿಂದ ನೆತ್ತಿ ತಟ್ಟಿಕೊಳ್ಳುತ್ತಿದ್ದಾನೆ. ಉದಾಹರಣೆ: ಎಲ್ಲೆಲ್ಲಿ ನೆತ್ತಿ ತಟ್ಟುವಿಕೆಯೋ ಅಲ್ಲಲ್ಲಿ ಪೊಲೀಸರು, ಮೊನ್ನೆ ಸರ್ಕಲ್ಲಿನಲ್ಲಿ ಕಂಡಂತೆ. ಉಪನಯ: ಇಲ್ಲೂ ಹಾಗೆಯೇ ತಟ್ಟುತ್ತಿದ್ದಾನೆ. ನಿಗಮನ: ಆದ್ದರಿಂದ ಮೊಣಕೈಗೆ ತೂಗುಬಿದ್ದಿರುವ ಹೆಲ್ಮೆಟ್ ತಲೆಗೇರತಕ್ಕದ್ದು. ಹೊಗೆ ಕಂಡು ಬೆಟ್ಟದಲ್ಲಿ ಬೆಂಕಿಯನ್ನು ಊಹಿಸಿದ ಪ್ರಾಚೀನ ನೈಯಾಯಿಕರಿಗೆ ಗಂಟೆಗೆ ನಲವತ್ತು ಕಿಲೋಮೀಟರ್ ವೇಗದಲ್ಲಿ ಊಹಿಸುವ ಕಷ್ಟ ಇರಲಿಲ್ಲ ಎಂಬುದನ್ನು ಮರೆಯಬಾರದು. ಆದರೆ ಈಚೆಗೆ ಬೆಂಗಳೂರಿನ ಕಂಬಗಳ ಮೇಲೆ ಕ್ಯಾಮೆರಾ ಬಂದು ಕೂತಿವೆ. ಪೊಲೀಸರಿಲ್ಲದ ಕಡೆಯೂ ದಂಡ ಹುಟ್ಟುತ್ತಿದೆ. ಹೀಗಾಗಿ ವ್ಯಾಪ್ತಿಭಂಗವಾಗಿ ಆ ಅನುಮಾನ ಪ್ರಮಾಣ ಇಡಿಯಾಗಿ ಕುಸಿದಿದೆ.

ಈ ಪಂಥದ ಅರ್ಥಶಾಸ್ತ್ರವೂ ಸ್ವಾರಸ್ಯಕರ. 2019ರ ತಿದ್ದುಪಡಿ ಹೆಲ್ಮೆಟ್ ಇಲ್ಲದ್ದಕ್ಕೆ 1,000 ರೂಪಾಯಿ ದಂಡ ವಿಧಿಸಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕರ್ನಾಟಕ ಅದನ್ನು 500ಕ್ಕೆ ಇಳಿಸಿತು. ದಂಡಕ್ಕಿಂತ ದುಬಾರಿಯಾದ ಹೆಲ್ಮೆಟ್ ಕೊಳ್ಳುವುದು ಅವಿವೇಕ ಎಂಬುದು ದಂಡಭೀರುಗಳ ಮೂಲಸೂತ್ರ. 2023ರ ಫೆಬ್ರವರಿಯಲ್ಲಿ ಸರ್ಕಾರ ಬಾಕಿ ದಂಡಗಳ ಮೇಲೆ ಶೇ. 50 ರಿಯಾಯಿತಿ ಘೋಷಿಸಿದಾಗ ಬರಿದಲೆಯ ದರ 250ಕ್ಕೆ ಬಂತು. ಹೆಲ್ಮೆಟ್ ಅಂಗಡಿಯ ಮೆಟ್ಟಿಲು ಹತ್ತದ ಜನ ಆಗ ಸಾಲುಗಟ್ಟಿ ನಿಂತರು. ರಸ್ತೆಬದಿಯ ಹೆಲ್ಮೆಟ್ ವ್ಯಾಪಾರಿಗೆ ಅಂಥ ರಿಯಾಯಿತಿಯೊಡನೆ ಪೈಪೋಟಿ ನಡೆಸಲು ಸಾಧ್ಯವೆ?

ದರ್ಪಣವಾದಿಗಳ ಪ್ರಕಾರ ಹೆಲ್ಮೆಟ್ಟಿನ ಸ್ವಸ್ಥಾನ ಬಲಗಡೆಯ ಮಿರರ್. ಅವರ ಮಿರರುಗಳು ಎಂಥ ಅಪಘಾತದಲ್ಲೂ ಕ್ಷೇಮವಾಗಿರುತ್ತವೆ. ಆದರೆ ಮಿರರಿನ ಕಂಬಿ ಒಳಗಿನ ಥರ್ಮೋಕೋಲನ್ನು ಒತ್ತಿ ಕುಳಿ ಮಾಡುವುದರಿಂದ, ರಕ್ಷ್ಯವೂ ರಕ್ಷಕವೂ ಏಕಕಾಲಕ್ಕೆ ಬದಲಾಗುವ ದೋಷ ಈ ಮತಕ್ಕಿದೆ. ಕೇಶವಾದಿಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಉದುರುವ ಕೂದಲಿಗಾಗಿ ತಲೆಯನ್ನೇ ಪಣಕ್ಕಿಡುವವರ ಜೊತೆ ವಾದ ಮಾಡುವಷ್ಟು ಕೂದಲು ಈ ಲೇಖಕನಿಗೂ ಉಳಿದಿಲ್ಲ.

ಇನ್ನು ಇತಿಹಾಸ. ಈ ಶಾಸ್ತ್ರದ ಮೂಲ ಕರ್ಣಪರ್ವದಲ್ಲಿದೆ. ಕರ್ಣನ ಸರ್ಪಾಸ್ತ್ರ ಅರ್ಜುನನ ಕೊರಳಿಗೆ ಗುರಿಯಿಟ್ಟು ಬಂತು, ಕೃಷ್ಣ ರಥವನ್ನು ನೆಲಕ್ಕೊತ್ತಿದ, ಅಸ್ತ್ರ ಕಿರೀಟಕ್ಕೆ ತಾಗಿತು. ಕಿರೀಟ ಹೋಯಿತು, ತಲೆ ಉಳಿಯಿತು. ಹೆಲ್ಮೆಟ್ಟಿನ ತತ್ತ್ವ ಪೂರ್ತಿ ಇದರಲ್ಲಡಗಿದೆ: ಪೆಟ್ಟನ್ನು ತಾನು ತಿಂದು ತಾನೇ ನಾಶವಾಗುವುದು. ಅರ್ಜುನ ಆ ಕಿರೀಟಕ್ಕೆ ಫೆವಿಕ್ವಿಕ್ ಹಾಕಿಸಿ ಮರುದಿನ ಮತ್ತೆ ತೊಟ್ಟನೆಂದು ಎಲ್ಲೂ ಇಲ್ಲ. ಬಿಳಿ ಬಟ್ಟೆಯೊಂದರಿಂದ ಕೂದಲು ಕಟ್ಟಿಕೊಂಡು ಯುದ್ಧ ಮುಂದುವರಿಸಿದ. (ಬಿಳಿ ಬಟ್ಟೆಗೆ ಐಎಸ್‌ಐ ಗುರುತಿರಲಿಲ್ಲ, ಸಾರಥಿ ಸಾಮಾನ್ಯನಲ್ಲವಾದ್ದರಿಂದ ನಡೆಯಿತು.) ಒಮ್ಮೆ ಜೋರಾಗಿ ಬಡಿಸಿಕೊಂಡ ಹೆಲ್ಮೆಟ್ ಹೊರಗೆ ಫಳಫಳ ಹೊಳೆಯುತ್ತಿದ್ದರೂ ತ್ಯಾಜ್ಯ ಎಂಬ ವಿಧಿ ಇಲ್ಲಿಂದ ಸಿದ್ಧವಾಗುತ್ತದೆ.

ಪಾಶ್ಚಾತ್ಯರಿಗೆ ಈ ಜ್ಞಾನ ತಡವಾಗಿ ಬಂತು. ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ರೇಸ್ ಟ್ರ್ಯಾಕಿನ ವೈದ್ಯ ಎರಿಕ್ ಗಾರ್ಡ್ನರ್ ಕ್ಯಾನ್ವಾಸಿಗೆ ಅರಗು ಬಳಿಸಿ ಮಾಡಿಸಿದ ಶಿರೋಕವಚ 1914ರಲ್ಲಿ ಐಲ್ ಆಫ್ ಮ್ಯಾನ್ ರೇಸಿನ ಸವಾರರ ತಲೆಗೇರಿತು. 1935ರ ಮೇ ತಿಂಗಳಲ್ಲಿ ‘ಅರೇಬಿಯಾದ ಲಾರೆನ್ಸ್’ ಎಂದು ಖ್ಯಾತನಾದ ಟಿ.ಇ. ಲಾರೆನ್ಸ್ ಬ್ರಫ್ ಸುಪೀರಿಯರ್ ಬೈಕಿನಿಂದ ಬಿದ್ದು ಆರು ದಿನ ಪ್ರಜ್ಞೆಯಿಲ್ಲದೆ ಮಲಗಿ ತೀರಿಕೊಂಡ. ಮರುಭೂಮಿಯ ಯುದ್ಧ ಗೆದ್ದವನನ್ನು ಹಳ್ಳಿ ರಸ್ತೆ ತೆಗೆದುಕೊಂಡಿತು. ಅವನನ್ನು ನೋಡಿದ ವೈದ್ಯರಲ್ಲಿ ಒಬ್ಬನಾದ ನರಶಸ್ತ್ರಚಿಕಿತ್ಸಕ ಹ್ಯೂ ಕೇರ್ನ್ಸ್ ಸುಮ್ಮನಾಗಲಿಲ್ಲ. ಬಿದ್ದ ಸವಾರರ ತಲೆಗಳ ಲೆಕ್ಕ ಹಿಡಿದು 1941ರಲ್ಲಿ ಪ್ರಬಂಧ ಪ್ರಕಟಿಸಿದ. ಅದೇ ವರ್ಷ ಬ್ರಿಟಿಷ್ ಸೈನ್ಯ ತನ್ನ ಮೋಟಾರ್ ಸೈಕಲ್ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು. ಅಮೆರಿಕದಲ್ಲಿ 1953ರಲ್ಲಿ ಪೇಟೆಂಟ್ ಪಡೆದ ಚಾರ್ಲ್ಸ್ ಲೊಂಬಾರ್ಡ್ ಹೊರಗೆ ಗಟ್ಟಿ ಚಿಪ್ಪು, ಒಳಗೆ ಕುಗ್ಗುವ ಪದರ ಎಂಬ ಇಂದಿನ ವಿನ್ಯಾಸಕ್ಕೆ ಬಂದ. ಹೆಲ್ಮೆಟ್ ತಯಾರಿಕೆಯಲ್ಲಿ ಕನ್ನಡನಾಡೇನೂ ಹಿಂದೆ ಬಿದ್ದಿಲ್ಲ. ದೇಶದೆಲ್ಲೆಡೆ ಮಾರಾಟವಾಗುವ ವೆಗಾ ಬೆಳಗಾವಿಯದು. ಆ ಊರಿನ ಕುಂದಾಕ್ಕೆ ಸಿಕ್ಕಷ್ಟು ಕೀರ್ತಿ ಅದಕ್ಕೆ ಸಿಗಲಿಲ್ಲ, ಅಷ್ಟೆ.

ಅಂಗಡಿಗೆ ಹೋದವನು ಮೊದಲು ತನ್ನ ದರ್ಶನವನ್ನು ನಿಶ್ಚಯಿಸಬೇಕು. ಫುಲ್ ಫೇಸ್ ಹೆಲ್ಮೆಟ್ ಅದ್ವೈತಿಗಳದು. ನೆತ್ತಿಯೂ ಗದ್ದವೂ ಒಂದೇ ಚಿಪ್ಪಿನಲ್ಲಿ ಐಕ್ಯ. ಒಳಗಿರುವವನಿಗೆ ಹೊರಗಿನ ಹಾರ್ನ್ ಮಿಥ್ಯೆ. ಮಳೆಗಾಲದಲ್ಲಿ ಉಸಿರಿನ ಹಬೆ ಗ್ಲಾಸಿಗೆ ಕವಿದಾಗ ನಾಮರೂಪಗಳೆಲ್ಲ ಲಯವಾಗುತ್ತವೆ. ಮುಖ ತೆರೆದ ಅರ್ಧ ಹೆಲ್ಮೆಟ್ ದ್ವೈತಿಗಳದು. ಇವರಿಗೆ ಜಗತ್ತು ಸತ್ಯ, ಪೀಣ್ಯದ ಧೂಳು ಪರಮಸತ್ಯ, ಜೀವಕ್ಕೂ ಜಡಕ್ಕೂ ಇರುವ ಭೇದ ಕಣ್ಣಿಗೆ ಹುಳ ಬಿದ್ದಾಗ ಅನುಭವಸಿದ್ಧ. ಗದ್ದದ ಭಾಗ ಮೇಲಕ್ಕೆ ಮಡಚಿಕೊಳ್ಳುವ ಮಾದರಿ ವಿಶಿಷ್ಟಾದ್ವೈತ: ಅಂಗ ಬೇರೆಯಾದರೂ ಅಂಗಿಯನ್ನು ಬಿಟ್ಟಿಲ್ಲ, ಮೇಲಾಗಿ ಪಾನಿಪುರಿ ತಿನ್ನಲು ತೆಗೆಯಬೇಕಿಲ್ಲ. ಮೂರು ಮತದವರನ್ನೂ ಗೌರವಿಸುವ ಈ ಲೇಖಕ ಒಂದೇ ಮಾತು ಹೇಳಬಯಸುತ್ತಾನೆ. ಬೀಳುವವನು ನೆತ್ತಿಯಿಂದಲೇ ಬೀಳುತ್ತೇನೆಂದು ರಸ್ತೆಯ ಜೊತೆ ಕರಾರು ಮಾಡಿಕೊಂಡಿರುವುದಿಲ್ಲ. ಗದ್ದ, ದವಡೆ, ಹಲ್ಲು ಇವುಗಳೂ ತನ್ನವೇ ಎಂದು ಒಪ್ಪುವವನು ಅದ್ವೈತಿಯಾಗುವುದು ಲೇಸು. 2018ರ ಆರಂಭದಲ್ಲಿ ಮೈಸೂರು ಮತ್ತು ಬೆಂಗಳೂರಿನ ಪೊಲೀಸರು ಐಎಸ್‌ಐ ಇಲ್ಲದ ಅರ್ಧ ಹೆಲ್ಮೆಟ್ಟುಗಳನ್ನು ಕಿತ್ತುಕೊಳ್ಳಲು ಹೊರಟಾಗ ನಡೆದ ವಾಗ್ವಾದಗಳ ಮುಂದೆ ಹಳೆಯ ವಿದ್ವತ್ ಸಭೆಗಳು ಸಪ್ಪೆ.

ಎರಡನೆಯದು ಶಬ್ದಪ್ರಮಾಣ, ಅಂದರೆ ಸ್ಟಿಕ್ಕರ್. 2021ರ ಜೂನ್ 1ರಿಂದ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ಮಾರುವುದೇ ಅಪರಾಧ. ಹೀಗಾಗಿ ಗುರುತಿಲ್ಲದ ಹೆಲ್ಮೆಟ್ ಭೂಮಿಯ ಮೇಲೆ ಉಳಿದಿಲ್ಲ. ರಸ್ತೆಬದಿಯಲ್ಲಿ ಇನ್ನೂರೈವತ್ತು ರೂಪಾಯಿಯ ಮಾಲಿಗೂ ಗುರುತಿದೆ. ಶ್ರುತಿಗೂ ಪ್ರಕ್ಷಿಪ್ತಕ್ಕೂ ಇರುವ ಅಂತರ ತಿಳಿಯಲು ಪಾಠಪರಿಶೋಧನೆ ಬೇಕು. ಗುರುತಿನ ಮೇಲೆ ಐಎಸ್ 4151 ಎಂಬ ಸಂಖ್ಯೆ, ಕೆಳಗೆ ಸಿಎಂ/ಎಲ್ ಎಂದು ಆರಂಭವಾಗುವ ಲೈಸೆನ್ಸ್ ಸಂಖ್ಯೆ ಇರಬೇಕು. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ತಯಾರಕನ ಗೋತ್ರ ಹೊರಬೀಳುತ್ತದೆ. ಬೇರೆ ಗೋತ್ರ ಬಂದರೆ ಕೆಳಗಿಟ್ಟು ಮುಂದೆ ನಡೆಯಿರಿ.

ಮೂರನೆಯದು, ಎಲ್ಲರೂ ಹಾರಿಸಿಬಿಡುವ ಅಳತೆ. ಷರಟಿನ ಕಾಲರಿಗೆ ಅಳತೆ ಕೊಡುವ ನಾವು ತಲೆಗೆ ಕೊಡುವುದಿಲ್ಲ. ದರ್ಜಿಯ ಟೇಪನ್ನು ಹುಬ್ಬಿನಿಂದ ಒಂದಂಗುಲ ಮೇಲೆ ಹಿಡಿದು ಸುತ್ತಿದರೆ ಉತ್ತರ ಸಿಗುತ್ತದೆ. ಹೆಲ್ಮೆಟ್ಟಿನ ಹಿಂದೆ ಬರೆದಿರುವ 580, 600 ಇವು ದರವಲ್ಲ, ಮಿಲಿಮೀಟರು. ಎರಡಕ್ಕೂ ಒಂದೇ ಬೆಲೆಯಾದ್ದರಿಂದ ಜಾಣ ಗ್ರಾಹಕ 600 ಒಯ್ಯುತ್ತಾನೆ. ಅದೇ ದುಡ್ಡಿಗೆ ಹೆಚ್ಚು ಮಾಲು. ಹಾಕಲು ತೆಗೆಯಲು ಸಲೀಸು, ಒಳಗೆ ಮೊಬೈಲ್ ಸಿಕ್ಕಿಸಿ ಮಾತಾಡಲೂ ಜಾಗವಿದೆ. ತಲೆ ರಸ್ತೆಗೆ ಬಡಿಯುವ ಹೊತ್ತಿಗೆ ಹೆಲ್ಮೆಟ್ ಬೇರೆ ದಾರಿ ಹಿಡಿದಿರುತ್ತದೆ ಎಂಬುದೊಂದೇ ಕೊರತೆ. ಸರಿಯಾದ ಹೆಲ್ಮೆಟ್ ಕೆನ್ನೆಗಳನ್ನು ಒತ್ತಬೇಕು, ಕನ್ನಡಿಯಲ್ಲಿ ಮುಖ ಮಂಗಬಾವು ಬಂದಂತೆ ಕಾಣಬೇಕು. ತಲೆ ಅಲ್ಲಾಡಿಸಿದರೆ ಹೆಲ್ಮೆಟ್ ತಾನೊಂದೇ ತಿರುಗದೆ ಹಣೆಯ ಚರ್ಮವನ್ನೂ ಜೊತೆಗೆ ಎಳೆಯಬೇಕು. ಸ್ಟ್ರಾಪು ಬಿಗಿದು, ಹಿಂದಿನ ಅಂಚನ್ನು ಹಿಡಿದು ಮುಂದಕ್ಕೆ ಎತ್ತಿದರೆ ಕಳಚಿ ಬರಬಾರದು. ಹದಿನೈದು ನಿಮಿಷ ಹಾಗೆಯೇ ಹಾಕಿಕೊಂಡು ನಿಂತಾಗ ಹಣೆಯ ಒಂದೇ ಕಡೆ ಚುಚ್ಚಿದರೆ ಬುರುಡೆಯ ಆಕಾರಕ್ಕೂ ಚಿಪ್ಪಿನ ಆಕಾರಕ್ಕೂ ಜಾತಕ ಕೂಡಿಲ್ಲ. ಕನ್ನಡಕದವರು ಕನ್ನಡಕ ಸಮೇತ ನೋಡತಕ್ಕದ್ದು. ರಾತ್ರಿ ಓಡಾಡುವವರಿಗೆ ಕಪ್ಪು ಗ್ಲಾಸು ನಿಷಿದ್ಧ, ಅದು ಸಿನಿಮಾ ನಾಯಕರಿಗೆ ಮೀಸಲು.

ಉಳಿದದ್ದು ಹಿಂಬದಿ ಪ್ರಕರಣ. ಬೈಕ್ ಕೊಳ್ಳುವಾಗ ಹೆಲ್ಮೆಟ್ ಕೊಡಬೇಕೆಂದು ಕೇಂದ್ರದ ನಿಯಮವಿದೆ. ಹೀಗೆ ಬಂದ ಹೆಲ್ಮೆಟ್ ಅಟ್ಟದ ಮೇಲೆ ಧೂಳು ತಿನ್ನುತ್ತಿರುತ್ತದೆ. 2016ರ ಜನವರಿಯಲ್ಲಿ ಕರ್ನಾಟಕ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯ ಮಾಡಿದಾಗ ಅದು ಕೆಳಗಿಳಿದು, ಅಳತೆ ಕೇಳದೆ, ಹೆಂಡತಿಯ ತಲೆಗೇರಿತು. 2022ರಲ್ಲಿ ದೇಶದ ರಸ್ತೆಗಳಲ್ಲಿ ಹೆಲ್ಮೆಟ್ ಧರಿಸದೆ ಸತ್ತವರು 50,029 ಎಂದು ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕ; ಅವರಲ್ಲಿ 14,337 ಮಂದಿ ಹಿಂದೆ ಕೂತವರು. ಈ ಅಂಕಿಗೆ ಯಾವ ಪಂಥದ ಬಳಿಯೂ ಭಾಷ್ಯವಿಲ್ಲ.

ಈ ಲೇಖಕ ತನ್ನ ಸಿದ್ಧಾಂತವನ್ನು ಪರೀಕ್ಷೆಗೊಡ್ಡಲು ಸಹಧರ್ಮಿಣಿ ಸಮೇತನಾಗಿ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದನು. 600ರ ಹೆಲ್ಮೆಟ್ ತೊಟ್ಟು ಗಂಭೀರನಾಗಿ ನಿಂತಾಗ ಆಕೆ ಹಿಂದಿನಿಂದ ಒಂದು ಬೆರಳಲ್ಲಿ ಎತ್ತಿದಳು. ಅದು ಮೂಗಿನ ಮೇಲೆ ಬಂದು ಕೂತಿತು.

‘ರೀ, ಇದು ನಿಮ್ಮ ತಲೆ ಮೇಲೆ ಬಾಡಿಗೆಗಿದೆ. ಚಿಕ್ಕದು ತಗೊಳ್ಳಿ.’

‘ಹಾಕ್ತಾ ಹಾಕ್ತಾ ಸೆಟ್ ಆಗುತ್ತೆ ಮೇಡಂ,’ ಎಂದು ಅಂಗಡಿಯವನು ಪೂರ್ವಪಕ್ಷ ಹೂಡಿದ.

‘ಹಾಕ್ತಾ ಹಾಕ್ತಾ ಇನ್ನೂ ಲೂಸಾಗುತ್ತೆ. ಸ್ಪಂಜು ಉಬ್ಬುತ್ತೇನಪ್ಪಾ?’

580 ಬಂತು, ಕೆನ್ನೆ ಒತ್ತಿತು, ಮಂಗಬಾವಿನ ಲಕ್ಷಣ ಪ್ರತ್ಯಕ್ಷವಾಯಿತು. ಆಕೆ ತನಗೂ ಒಂದನ್ನು ಇದೇ ಕ್ರಮದಲ್ಲಿ ಆರಿಸಿಕೊಂಡಳು; ಶೋರೂಮಿನ ಹೆಲ್ಮೆಟ್ಟಿನ ಪ್ರಸ್ತಾಪವನ್ನು ಎತ್ತುವ ಧೈರ್ಯ ಅಲ್ಲಿದ್ದ ಯಾರಿಗೂ ಬರಲಿಲ್ಲ. ಆಗ ಲೇಖಕ ಬಣ್ಣದ ಪ್ರಕರಣ ತೆಗೆದನು. ನ್ಯೂಜಿಲೆಂಡಿನ ಆಕ್ಲೆಂಡ್ ಸೀಮೆಯ ಸವಾರರನ್ನು ಕುರಿತು 2004ರಲ್ಲಿ ಪ್ರಕಟವಾದ ಅಧ್ಯಯನದಂತೆ ಕಪ್ಪು ಹೆಲ್ಮೆಟ್ಟಿನವರಿಗಿಂತ ಬಿಳಿ ಹೆಲ್ಮೆಟ್ಟಿನವರಿಗೆ ಅಪಾಯ ಶೇ. 24ರಷ್ಟು ಕಡಿಮೆ ಎಂದು ವಿಸ್ತಾರವಾಗಿ ನಿರೂಪಿಸಿದನು.

‘ವೈಟಲ್ಲಿ 580 ಇಲ್ಲ ಸಾರ್. 600 ಇದೆ.’

ಅಳತೆಶ್ರುತಿಗೂ ವರ್ಣಶ್ರುತಿಗೂ ವಿರೋಧ ಬಂದಾಗ ಯಾವುದು ಪ್ರಬಲ? ಲೇಖಕ ಮೀಮಾಂಸಕರ ನ್ಯಾಯವನ್ನು ನೆನಪಿಸಿಕೊಳ್ಳುತ್ತಿದ್ದಾಗಲೇ ಆಕೆ ಪರ್ಸ್ ತೆಗೆದಾಗಿತ್ತು.

‘ಕಪ್ಪೇ ಕೊಡಪ್ಪಾ. ಹಿಂದೆ ಅಂಟಿಸೋಕೆ ರೇಡಿಯಂ ಇದೆಯಾ?’

‘ಇದೆ ಮೇಡಂ. ಮೂವತ್ತು ರೂಪಾಯಿ.’

‘ಎರಡಕ್ಕೂ ಸೇರಿಸಿ ಮೂವತ್ತು.’