ಏನು ತುಂಬಿದ್ದೀಯ, ಅದನ್ನು ಹೇಳಪ್ಪ: ಹಿತ್ತಾಳೆ ಪಾವಿನ ಸಂದರ್ಶನ

ಕೋಲ್ಕತ್ತಾದ ಸದರ್ನ್ ಅವೆನ್ಯೂ. ಲೇಕ್ ಮಾರ್ಕೆಟ್‌ಗೆ ಹತ್ತಿರದ ಕನ್ನಡಿಗರ ಮನೆಯೊಂದರ ಅಡುಗೆಮನೆ. ಅತ್ತೆಯ ಮೈಸೂರುಪಾಕಿನ ಅಳತೆಯನ್ನು ಗ್ರಾಮಿಗೆ ಇಳಿಸಲು ಸೊಸೆ ಡಿಜಿಟಲ್ ತಕ್ಕಡಿ ತಂದಿದ್ದಾಳೆ. ಮೂಲೆ ಸೇರಿದ ಹಿತ್ತಾಳೆ ಪಾವು ನಮ್ಮೊಡನೆ ಮಾತಾಡಿತು.

ಒಂದು ಪಾವು ಎಂದರೆ ಎಷ್ಟು ಗ್ರಾಂ?

ಏನು ತುಂಬಿದ್ದೀಯ, ಅದನ್ನು ಮೊದಲು ಹೇಳಪ್ಪ. ನನ್ನ ಹೊಟ್ಟೆ 250 ಮಿಲಿಲೀಟರ್. ನೀರು ಹುಯ್ದರೆ 250 ಗ್ರಾಂ, ಅಕ್ಕಿ ಸುಮಾರು 200, ತುಪ್ಪ 230ರ ಹತ್ತಿರ, ಜರಡಿ ಹಿಡಿದ ಕಡಲೆಹಿಟ್ಟು 100ರ ಆಸುಪಾಸು. ಈ ಊರಿನವರ ಪ್ರಾಣವಾದ ಮಂಡಕ್ಕಿ ತುಂಬಿದರಂತೂ ಸುಮಾರು 20 ತೋರಿಸಿ, ತಕ್ಕಡಿ ನನ್ನನ್ನೇ ಅನುಮಾನದಿಂದ ನೋಡುತ್ತೆ.

ಕಡಲೆಹಿಟ್ಟಿಗಾದರೂ ಒಂದೇ ತೂಕ ಬರಬೇಕಲ್ಲ?

ಅತ್ತೆ ಜರಡಿ ಹಿಡಿದು ಮೆಲ್ಲಗೆ ಸುರಿಯುತ್ತಾರೆ. ಸೊಸೆ ನನ್ನನ್ನು ಡಬ್ಬದಲ್ಲಿ ಮುಳುಗಿಸಿ, ಅದುಮಿ ತೆಗೆಯುತ್ತಾಳೆ. ಗಾಳಿ ಹೊರಗೆ, 20-30 ಗ್ರಾಂ ಒಳಗೆ!

ಅಲ್ಲಿಗೆ ತೂಕವೇ ನಿಖರ ಅಂತ ಒಪ್ಪಿದಿರಿ.

ಹಿಟ್ಟಿನ ಮಟ್ಟಿಗೆ ಒಪ್ಪಿದೆ. ಆದರೆ ಹಿಟ್ಟು ಒಂದು, ಸಕ್ಕರೆ ಎರಡು, ತುಪ್ಪ ಎರಡು. ಎಲ್ಲವನ್ನೂ ನಾನೊಬ್ಬನೇ ಅಳೆದರೆ ಗ್ರಾಮಿನ ಹಂಗೇಕೆ? ಸೊಸೆ ಪಾವೆಂದರೆ ಕಾಲು ಕಿಲೋ ಅಂದುಕೊಂಡು ಹಿಟ್ಟನ್ನು 250 ಗ್ರಾಂ ತೂಗಿದಳು; ಸಕ್ಕರೆ, ತುಪ್ಪಕ್ಕೆ ಮಾತ್ರ ನನ್ನನ್ನು ಕರೆದಳು. ಹಿಟ್ಟು ಎರಡೂವರೆ ಪಾಲಾಯಿತು. ಒಲೆಗೇರಿದ್ದು ಮೈಸೂರುಪಾಕು, ಇಳಿದದ್ದು ಇಟ್ಟಿಗೆ. ಬೈಸಿಕೊಂಡಿದ್ದು ಪಾಕದ ಎಳೆ.

ಆ ಕಾಲು ಕಿಲೋ ಎಲ್ಲಿಂದ ಬಂತು?

ಬಂಗಾಳದಲ್ಲಿ ಸೇರು ಅಂದರೆ ತೂಕ: 80 ತೊಲ, 933 ಗ್ರಾಂ. ಅದರ ಕಾಲುಭಾಗ ಪೋಯಾ, ಹೆಚ್ಚುಕಡಿಮೆ ಕಾಲು ಕಿಲೋ. ನಮ್ಮ ಹಳೇ ಮೈಸೂರಿನಲ್ಲಿ ಕಾಳುಕಡ್ಡಿಗೆ ಸೇರು, ಪಾವು ಅಂದರೆ ಪಾತ್ರೆ. ದಾಯಾದಿಗಳು ನಾವು, ಮನೆತನ ಒಂದು, ಆಸ್ತಿ ಬೇರೆ. 1956ರ ಮೆಟ್ರಿಕ್ ಅಳತೆಯ ಕಾನೂನು ಬಂದು, 1958ರ ಅಕ್ಟೋಬರಿನಿಂದ ಇಬ್ಬರನ್ನೂ ಹಂತಹಂತವಾಗಿ ಅಂಗಡಿಯಿಂದ ಹೊರಗಟ್ಟಿತು. ಅಡುಗೆಮನೆಗೆ ಇನ್‌ಸ್ಪೆಕ್ಟರು ಬರಲಿಲ್ಲ, ಬದುಕಿಕೊಂಡೆ.

ನಿಮ್ಮ ಕಾಲದಲ್ಲಿ ಮೋಸ ಇರಲಿಲ್ಲವೆ?

ಧಾರಾಳವಾಗಿತ್ತು! ಕೊಳ್ಳುವಾಗ ಗೋಪುರ, ಮಾರುವಾಗ ಅಂಚಿಗೆ ಸವರಿ ಚಪ್ಪಟೆ. ತಳ ನೆಗ್ಗಿಸಿಕೊಂಡ ತಮ್ಮಂದಿರೂ ನನಗಿದ್ದರು. ಆದರೂ ಮೊದಲ ಅಳತೆಗೆ ‘ಲಾಭ’ ಎಂದು ಶುರುಮಾಡಿ, ಕೊನೆಗೊಂದು ಹಿಡಿ ಕೊಸರು ಹಾಕುತ್ತಿದ್ದರು. ಈ ತಕ್ಕಡಿಗೆ ಲಾಭವೂ ತಿಳಿಯದು, ಕೊಸರೂ ತಿಳಿಯದು. ಪಾತ್ರೆಯಿಟ್ಟು ಗುಂಡಿ ಒತ್ತಿದರೆ ಸೊನ್ನೆ! ತಲೆಯ ಮೇಲಿರುವ ಭಾರವನ್ನು ಲೆಕ್ಕದಿಂದ ಮಾಯ ಮಾಡುವ ವಿದ್ಯೆ ಬಜೆಟ್ ಮಂಡಿಸುವವರಿಗೆ ಮಾತ್ರ ಗೊತ್ತು ಅಂದುಕೊಂಡಿದ್ದೆ.

ಈ ರಸ್ತೆಗೀಗ ವಿಜ್ಞಾನಿ ಡಾ. ಮೇಘನಾದ ಸಹಾ ಅವರ ಹೆಸರು. ಇಲ್ಲಿದ್ದುಕೊಂಡೇ ವಿಜ್ಞಾನದ ಮೇಲೆ ಸಿಟ್ಟೆ?

ಉಂಟೆ! ನಕ್ಷತ್ರದ ಬೆಳಕಿನ ಗೆರೆಗಳಿಂದ ಅದರ ತಾಪ ಲೆಕ್ಕಹಾಕುವ ದಾರಿಯನ್ನು 1920ರಲ್ಲೇ ತೋರಿಸಿದವರು ಅವರು. ಎಲ್ಲ ಧಾತುಗಳಿಗೂ ಒಂದೇ ಅಂಕಿ ಹಚ್ಚಲಿಲ್ಲ. ಒಂದೊಂದಕ್ಕೂ ಅದರದೇ ಅಯಾನೀಕರಣ ಶಕ್ತಿ. ಸೊಸೆಯೂ ಒಂದೊಂದು ಸಾಮಾನನ್ನು ನನ್ನಲ್ಲಿ ತುಂಬಿ, ಒಮ್ಮೆ ತೂಗಿ, ಆಯಾ ಡಬ್ಬದ ಮೇಲೆ ಬರೆದಿಡಲಿ. ಜಗಳ ಮುಗಿಯಿತು.

ಹಾಗಾದರೆ ತಕ್ಕಡಿಯೇ ನಿಮ್ಮ ಉತ್ತರಾಧಿಕಾರಿ?

ಆಗಲಿ. ಈ ಮನೆಯ ಮುಂದಿನ ಸೊಸೆ ಹೊಸಿಲಲ್ಲಿ ಅಕ್ಕಿ ತುಂಬಿದ ನನ್ನ ಬದಲು ಅದನ್ನೇ ಒದ್ದು ಒಳಗೆ ಬರಲಿ. ಗಾಜಿನ ತಟ್ಟೆ ನೋಡಿ, ಆರತಿಯ ಪಕ್ಕದಲ್ಲೇ ಹತ್ತಿ, ಟಿಂಚರೂ ಇಟ್ಟುಕೊಂಡಿರಿ.