ತಣ್ಣೀರಿನ ಕೂಸು

"ಮೇಷ್ಟ್ರೇ, ವಸಿ ಬೇಲಿ ತಾವ ಬನ್ನಿ. ಮೊಮ್ಮಗ ಬೆಂಗ್ಳೂರಿಂದ ತಂದ ಮೀನು ಮೂರು ದಿನದಿಂದ ಏನೂ ತಿಂತಿಲ್ಲ."

ಪಕ್ಕದ ಮನೆಯ ಅಕ್ಕ ಚಪ್ಪಡಿಕಲ್ಲಿನ ಆಚೆ ಒಂದು ಟಬ್ಬು ಇಟ್ಟುಕೊಂಡು ನಿಂತಿದ್ದರು. ಒಳಗೆ ಗೇಣುದ್ದವೂ ಇಲ್ಲದ ಬಿಳಿಮರಿ, ಕುತ್ತಿಗೆಯ ಎರಡೂ ಕಡೆ ಕೆಂಪು ಕುಚ್ಚು.

"ಮೀನಲ್ಲ ಅಕ್ಕ, ಆಕ್ಸೊಲೋಟ್ಲ್. ಕಪ್ಪೆಗೆ ದಾಯಾದಿ. ಗೊದಮೊಟ್ಟೆ ಕಿವಿರು ಕಳ್ಕೊಂಡು ದಡ ಹತ್ತುತ್ತೆ. ಇದು ದೊಡ್ಡದಾದ್ರೂ ಕಿವಿರೂ ಬಿಡಲ್ಲ, ನೀರೂ ಬಿಡಲ್ಲ."

"ಎರೆಹುಳ ಹಾಕಿದ್ವಿ. ಬಾಯಿಗೆ ತಗೊಂಡು ಉಗೀತು."

ಹುಳು ಎಲ್ಲಿಂದ ತಂದಿರಿ ಎಂದೆ. ಎರೆಗೊಬ್ಬರದ ಗುಂಡಿಯಿಂದಂತೆ. ಗುಂಡಿಯ ಕೆಂಪು ಹುಳುಗಳಲ್ಲಿ ಒಂದು ಜಾತಿ ಮುಟ್ಟಿದರೆ ಸಾಕು, ನಾತದ ಹಳದಿ ನೀರು ಬಿಡುತ್ತದೆ. ಅದನ್ನು ಇವು ಉಗಿದುಬಿಡುವುದು ಸಾಮಾನ್ಯ. ಅಡಿಕೆ ತೋಟದ ಹಸಿ ಮಣ್ಣಿನ ಹುಳು ಒಳ್ಳೆಯದು. ಔಷಧಿ ಹೊಡೆದ ತೋಟದ್ದು ಮಾತ್ರ ಬೇಡ. ತೊಳೆದು, ಮರಿಯ ಬಾಯಿಗೆ ಹಿಡಿಸುವಷ್ಟು ಕತ್ತರಿಸಿ, ದಿನಕ್ಕೊಂದು ಸಲ ಕೊಡಬೇಕು. ಬೆಳೆದ ಮೇಲೆ ವಾರಕ್ಕೆ ಎರಡು ಮೂರು ಸಲ ಸಾಕು. ಉಳಿದ ಚೂರನ್ನು ಆಗಲೇ ಎತ್ತಿಬಿಡಬೇಕು. ಅದು ಕೊಳೆತರೆ ನೀರಲ್ಲಿ ಅಮೋನಿಯಾ ಹುಟ್ಟಿ ಕಿವಿರು ಸುಡುತ್ತದೆ.

ಆದರೆ ನನಗೆ ಹುಳುವಿಗಿಂತ ನೀರಿನ ಮೇಲೇ ಅನುಮಾನ. ಥರ್ಮಾಮೀಟರ್ ಅದ್ದಿದೆ: 29 ಡಿಗ್ರಿ. ನಮ್ಮೂರು ಕೊಳಾಲದ ಏಪ್ರಿಲ್‌ನಲ್ಲಿ ಇನ್ನೇನಿರುತ್ತದೆ! ಇದರ ತವರು ಮೆಕ್ಸಿಕೊ ನಗರದ ಮಗ್ಗುಲಿನ ಸೊಚಿಮಿಲ್ಕೊ ಕೆರೆ, ಸಮುದ್ರಮಟ್ಟದಿಂದ 2,200 ಮೀಟರಿಗೂ ಮೇಲೆ. ನಮ್ಮ ನಂದಿಬೆಟ್ಟದ ನೆತ್ತಿಯೇ 1,478. ಇದಕ್ಕೆ ಹಿತವಾದ ನೀರು 16ರಿಂದ 18 ಡಿಗ್ರಿ. 24 ದಾಟಿದರೆ ಸಂಕಟ. ಮೊದಲು ಅನ್ನ ಬಿಡುತ್ತದೆ, ಕಿವಿರು ಮುಂದಕ್ಕೆ ಬಾಗುತ್ತದೆ, ಬಾಲದ ತುದಿ ಸುರುಳಿಯಾಗುತ್ತದೆ. ಆಮೇಲೆ ಮೈಮೇಲೆ ಹತ್ತಿಯಂಥ ಬೂಷ್ಟು. ಕಡಿದುಹೋದ ಕಾಲನ್ನು ಮತ್ತೆ ಬೆಳೆಸಿಕೊಳ್ಳುವ ಪ್ರಾಣಿ ಇದು. ಬಿಸಿನೀರಿನ ಮುಂದೆ ಸೋಲುತ್ತದೆ.

"ಬಾಯಿ ಬಿಡಿಸಿ ತಿನ್ನಿಸಲಾ?"

"ಖಂಡಿತ ಬೇಡ ಅಕ್ಕ. ಮೊದಲು ತಂಪು ಮಾಡಿ."

ಟಬ್ಬನ್ನು ಒಳಮನೆಯ ಕತ್ತಲೆಗೆ ಒಯ್ದೆವು. ಸುತ್ತ ಒದ್ದೆ ಗೋಣಿಚೀಲ, ಮೇಲೆ ಫ್ಯಾನು. ಫ್ರಿಜ್ಜಿನಲ್ಲಿ ಹೆಪ್ಪುಗಟ್ಟಿಸಿದ ನೀರಿನ ಬಾಟಲಿಯನ್ನು ಸ್ವಲ್ಪ ಹೊತ್ತು ತೇಲಿಬಿಟ್ಟು ತೆಗೆಯುವುದು. ಒಮ್ಮೆಲೇ ತಣ್ಣಗಾದರೂ ಅದಕ್ಕೆ ಪೆಟ್ಟು. ಚೆಂದಕ್ಕೆಂದು ಹುಡುಗ ಹಾಕಿದ್ದ ಸಣ್ಣ ಕಲ್ಲುಗಳನ್ನೆಲ್ಲ ಆರಿಸಿದೆ. ಇದು ತಿನ್ನುವುದು ನೀರಿನ ಸಮೇತ ಎಳೆದುಕೊಂಡು. ಕಲ್ಲು ಒಳಗೆ ಹೋದರೆ ಕರುಳು ಕಟ್ಟುತ್ತದೆ. ನಲ್ಲಿಯಲ್ಲಿ ಬ್ಲೀಚಿಂಗ್ ವಾಸನೆ ಇದ್ದ ದಿನ ನೀರನ್ನು ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ಇಟ್ಟು ಬಳಸಿ ಎಂದೆ.

"ಇಷ್ಟು ಕಷ್ಟ ಪಡೋ ಬದ್ಲು ನಮ್ಮ ಕೆರೆಗೆ ಬಿಡೋಣ್ವಾ?"

ಅವರು ಕೇಳಿದ್ದು ಮರುಕದಿಂದಲೇ. ಆದರೆ ನಮ್ಮ ಕೆರೆಯಲ್ಲಿ ಅದು ಬದುಕದು. ತವರಲ್ಲೇ ಅಳಿವಿನ ಅಂಚಿಗೆ ಬಂದ ಜೀವ. ಸಾಕುವವರು ಅರಣ್ಯ ಇಲಾಖೆಗೆ ತಿಳಿಸಿ ಪರಿವೇಶ್ ಪೋರ್ಟಲಿನಲ್ಲಿ ನೋಂದಾಯಿಸಬೇಕೆಂಬ ನಿಯಮವೂ 2024ರಲ್ಲಿ ಬಂದಿದೆ. ಮಾರಿದವರಿಂದ ಕಾಗದ ಕೇಳಿ ಎಂದು ಹುಡುಗನಿಗೆ ಹೇಳಿದೆ.

ರಾತ್ರಿ ನೀರು 22ಕ್ಕೆ ಇಳಿದಿತ್ತು. ತೋಟದ ಹುಳುವಿನ ಒಂದು ತುಂಡು ನುಂಗಿತಂತೆ, ಅಕ್ಕ ಬೇಲಿಯಿಂದಲೇ ಕೂಗಿ ಹೇಳಿದರು. ಆದರೂ 22 ಅದಕ್ಕೆ ಹೆಚ್ಚೇ. ನೀರು ತಂಪು ಮಾಡುವ ಯಂತ್ರವಿಲ್ಲದೆ ಮಧುಗಿರಿ, ಸಿರಾ, ಪಾವಗಡದ ಸೀಮೆಗೆ ಈ ಮರಿಯನ್ನು ದಯವಿಟ್ಟು ತರಬೇಡಿ.